ತಲೀಗೆ ಬ್ಯಾಸಿಗಿ, ಕಾಲಿಗೆ ಚಳಿಗಾಲ

ಹೋದ ಜನವರಿಯ ಒಂದು ಬೆಳಿಗ್ಗೆ ನಮ್ಮ ಗಲ್ಲಿಯ ಇಸ್ತ್ರಿಯವರು ಮೇಲೆ ಬಂದು ಬಾಗಿಲು ಬಡಿದರು. ಕೈಯಲ್ಲಿ ಯಾರದೋ ಬಿಳಿ ಕುರ್ತಾ, ಬೆನ್ನಿನ ಮೇಲೆ ಅಂಗೈಯಗಲ ಒದ್ದೆ. "ಸಾಬ್, ಆಪ್ ಕಾ ಎಸಿ ಪಾನಿ ಗಿರಾ ರಹಾ ಹೈ" ಅಂದರು. ನಾನು ನಕ್ಕುಬಿಟ್ಟೆ. ದೆಹಲಿಯ ಜನವರಿಯಲ್ಲಿ ಎಸಿ ನೀರು ಬಿಡೋದುಂಟಾ? ಬೇಸಿಗೆಯ ನೀರಿಗೆ ಪೈಪ್ ಹಾಕಿಸಿ ಚರಂಡಿಗೆ ಇಳಿಸಿದ್ದು ನಾನೇ ನಿಂತು ಮಾಡಿಸಿದ ಕೆಲಸ. ಆದರೂ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಹೊರಗಿನ ಯೂನಿಟ್ಟಿನ ತಳದಿಂದ ತೊಟ್, ತೊಟ್ ಅಂತ ನೀರು ಬೀಳ್ತಾ ಇದೆ, ನೇರ ಅವರ ಮೇಜಿನ ಮೇಲೆ.

ಆ ನೀರು ಎಲ್ಲಿಂದ ಬಂತು ಅಂತ ಆಮೇಲೆ ಹೇಳ್ತೀನಿ. ಮೊದಲು ಈ ಪೆಟ್ಟಿಗೆ ನಮ್ಮ ಗೋಡೆ ಏರಿದ ಕತೆ.

ನಾನು ಈ ಊರಲ್ಲಿ ಬಹಳ ವರ್ಷ ಒಂದು ಕೂಲರ್, ಒಂದು ಬ್ಲೋವರ್ ಇಟ್ಟುಕೊಂಡೇ ಕಳೆದವನು. 2022ರಲ್ಲಿ ಅಪ್ಪ ಹೋದ ಮೇಲೆ ಅವ್ವನ್ನ ಧಾರವಾಡದಿಂದ ಕರೆದುಕೊಂಡು ಬಂದೆ. ಧಾರವಾಡದ ಚಳಿ ಒಂದು ಶಾಲಿಗೆ ಮುಗಿಯುತ್ತೆ. ಇಲ್ಲಿಯದು ಗೋಡೆಯೊಳಗೆ ಸೇರಿಕೊಂಡು ಫೆಬ್ರವರಿವರೆಗೆ ಹೊರಗೆ ಬರಲ್ಲ. ಅವ್ವನ ಮಂಡಿ ಹಿಡಿದುಕೊಳ್ಳೋಕೆ ಶುರುವಾಯ್ತು. ಕೆಂಪಗೆ ಕಾಯುವ ರಾಡ್ ಹೀಟರ್ ತಂದಿಟ್ಟರೆ ಅದರ ಪಕ್ಕಕ್ಕೇ ಸರಿದು ಕೂತು ಒಂದು ದಿನ ಸೀರೆಯ ಅಂಚು ಕಪ್ಪಗಾಯ್ತು. ಇದ್ದಿಲಿನ ಅಂಗೀಠಿ ಒಳಗಿಟ್ಟು ಬಾಗಿಲು ಹಾಕಿಕೊಂಡು ಮಲಗಿದವರು ಏಳಲೇ ಇಲ್ಲ ಅನ್ನೋ ಸುದ್ದಿಯನ್ನ ಇಲ್ಲಿನ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲ ಓದ್ತೀವಿ. ಹಾಗಾಗಿ ಹಾಟ್ ಅಂಡ್ ಕೋಲ್ಡ್ ಸ್ಪ್ಲಿಟ್ ಎಸಿ ತರೋದು ಅಂತಾಯ್ತು.

ಅಂಗಡಿಯಲ್ಲಿ ಮೊದಲು ಎದುರಾಗಿದ್ದು ನಕ್ಷತ್ರಗಳು. 2022ರ ಜುಲೈನಲ್ಲಿ ಸ್ಟಾರ್ ಕೋಷ್ಟಕವನ್ನ ಬಿಗಿ ಮಾಡಿದ್ದರು. ಅಲ್ಲಿವರೆಗೆ ಐಎಸ್‌ಇಇಆರ್ 4.5 ಇದ್ದರೆ 5 ಸ್ಟಾರ್ ಆಗ್ತಿತ್ತು, ಆಗಿನಿಂದ ಅದಕ್ಕೆ 5 ಬೇಕಾಯ್ತು. ಅಂದರೆ 4.6ರ ಯಂತ್ರವೊಂದು ಜೂನ್‌ನಲ್ಲಿ 5 ಸ್ಟಾರ್, ಜುಲೈನಲ್ಲಿ 4 ಸ್ಟಾರ್. ನಾನು ಹೋದಾಗ ಅಂಗಡಿಯಲ್ಲಿ ಎರಡೂ ಕಾಲದ ಸ್ಟಿಕ್ಕರುಗಳು ಅಕ್ಕಪಕ್ಕ ನಿಂತಿದ್ದವು, ಮಾರೋ ಹುಡುಗ ಹಳೆಯ ಐದನ್ನೇ ಬೆರಳು ಮಾಡಿ ತೋರಿಸ್ತಿದ್ದ. ನಕ್ಷತ್ರ ಎಣಿಸಬೇಡಿ, ಕೆಳಗಿನ ಸಂಖ್ಯೆ ಓದಿ. ಲೇಬಲ್ಲಿನ ಅವಧಿಯೂ ಅಲ್ಲೇ ಸಣ್ಣಕ್ಷರದಲ್ಲಿ ಇರುತ್ತೆ.

ಆದರೆ ನನ್ನ ತಕರಾರು ಆ ಸಂಖ್ಯೆಯ ಮೇಲೇ ಇದೆ. ಅದನ್ನ ಲೆಕ್ಕ ಹಾಕೋದು ವರ್ಷಕ್ಕೆ 1600 ಗಂಟೆ ತಂಪು ಮಾಡುವ ಬಳಕೆಗೆ, ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿ ಅಂತ ಇಟ್ಟುಕೊಂಡು. ಅದೇ 2022ರ ಮೇ ತಿಂಗಳಲ್ಲಿ ದೆಹಲಿಯ ಮುಂಗೇಶ್‌ಪುರದಲ್ಲಿ 49 ದಾಟಿತ್ತು. ಲೇಬಲ್ಲಿನ ಬೇಸಿಗೆ ಮುಗಿಯೋ ಕಡೆ ನಮ್ಮ ಬೇಸಿಗೆಯ ಕೆಟ್ಟ ವಾರಗಳು ಶುರು. ಇನ್ನು ಚಳಿಗಾಲ? ಅದರ ಬಗ್ಗೆ ಲೇಬಲ್ಲಿನಲ್ಲಿ ಒಂದಕ್ಷರ ಇಲ್ಲ. ಬಿಸಿಗಾಗಿಯೇ ಹೆಚ್ಚಿಗೆ ದುಡ್ಡು ಕೊಡುವವನಿಗೆ ಬಿಸಿಯ ಕಡೆಯ ಅಂಕಪಟ್ಟಿಯನ್ನೇ ಕೊಡದ ಶಾಲೆ ಇದು. ಕಂಪನಿಯ ಹಾಳೆಗಳಲ್ಲಿ ಹುಡುಕಿ ತೆಗೆಯಬೇಕು, ಅದೂ ಎಲ್ಲರೂ ಕೊಡಲ್ಲ.

ಟನ್ನಿನ ವಿಷಯವೂ ಹೀಗೇ. ಒಂದು ಟನ್ ಅಂದರೆ ಯಂತ್ರದ ತೂಕ ಅಂದುಕೊಂಡಿರೋ ಸಂಬಂಧಿಕರು ನನಗಿದ್ದಾರೆ. ಅದು ಮಂಜುಗಡ್ಡೆ ಮಾರುತ್ತಿದ್ದ ಕಾಲದ ಅಳತೆ. ಸುಮಾರು 900 ಕೆಜಿ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತೋ ಅಷ್ಟು, ಈಗಿನ ಲೆಕ್ಕದಲ್ಲಿ ಮೂರೂವರೆ ಕಿಲೋವ್ಯಾಟ್. ನಮ್ಮದು 11 ಅಡಿಗೆ 13 ಅಡಿ ಕೋಣೆ, ಪಶ್ಚಿಮದ ಗೋಡೆ. "ಸಾರ್, ಕಣ್ಣು ಮುಚ್ಚಿ ಒಂದೂವರೆ ತಗೊಳ್ಳಿ" ಅಂದರು, ಕಣ್ಣು ಮುಚ್ಚಿಯೇ ತಗೊಂಡೆ. ಮೇ-ಜೂನ್‌ಗೆ ಸರಿಯಾಯ್ತು. ಜುಲೈ ಕೊನೆಯ ಸೆಕೆಗೆ ಹೆಚ್ಚಾಯ್ತು. ಕೋಣೆ ಬೇಗ ತಣ್ಣಗಾಗುತ್ತೆ, ಯಂತ್ರ ನಿಧಾನಕ್ಕೆ ಇಳಿಯುತ್ತೆ, ಗಾಳಿಯ ಪಸೆ ಹಾಗೇ ಉಳಿಯುತ್ತೆ. ತಣ್ಣಗೂ ಇದೆ, ಅಂಟೂ ಇದೆ. ಆಗ ಡ್ರೈ ಮೋಡ್ ಹಾಕ್ತೀವಿ.

ಕೂರಿಸಲು ಬಂದವರ ಜತೆ ಒಂದು ಜಗಳ ಗೆದ್ದೆ, ಒಂದು ಸೋತೆ. ಪೈಪ್ ಜೋಡಿಸಿದ ಮೇಲೆ ಒಳಗಿನ ಗಾಳಿ, ಪಸೆ ಎರಡನ್ನೂ ವ್ಯಾಕ್ಯೂಮ್ ಪಂಪಿನಿಂದ ತೆಗೆಯಬೇಕು. ಅವರು ಪಂಪೇ ತಂದಿರಲಿಲ್ಲ, ಯಂತ್ರದ್ದೇ ಗ್ಯಾಸ್ ಸ್ವಲ್ಪ ಬಿಟ್ಟು ಗಾಳಿ ಓಡಿಸ್ತೀವಿ ಅಂದರು. ಆಗಲ್ಲ ಅಂದೆ. ಮರುದಿನ ಮುಖ ಗಂಟಿಕ್ಕಿಕೊಂಡು ತಂದರು. ಸೋತಿದ್ದು ಹೊರಗಿನ ಯೂನಿಟ್ ಎಲ್ಲಿ ಅನ್ನೋದರಲ್ಲಿ. ಬೆಲೆಯಲ್ಲಿ ಸೇರಿದ್ದು 3 ಮೀಟರ್ ತಾಮ್ರದ ಪೈಪ್. ಮೂರು ಮೀಟರಿನಲ್ಲಿ ಸಿಗೋದು ಗಲ್ಲಿ ಕಡೆಯ ಗೋಡೆ ಮಾತ್ರ. ತಾರಸಿಗೆ ಒಯ್ಯಬೇಕಂದರೆ ನಮ್ಮದು ಮೊದಲ ಮಹಡಿ, ಮೇಲೆ ಇನ್ನೂ ಮೂರು ಮನೆ. ಹಿಂದಿನ ಇಕ್ಕಟ್ಟು ಸಂದಿಗೆ ಎಲ್ಲರ ಅಡುಗೆಮನೆ ಕಿಟಕಿಗಳೂ ತೆರೆದುಕೊಳ್ಳುತ್ತವೆ. ಹೀಗೆ ಬ್ರಾಕೆಟ್ಟು ಗಲ್ಲಿಯ ಮೇಲೆ ಬಂತು. ಕೆಳಗೆ ಯಾರು ನಿಲ್ತಾರೆ ಅನ್ನೋ ಪ್ರಶ್ನೆ ಆ ದಿನ ಯಾರ ಬಾಯಲ್ಲೂ ಬರಲಿಲ್ಲ, ನನ್ನ ಬಾಯಲ್ಲೂ.

ಇರಲಿ. ಬೇಸಿಗೆಯಲ್ಲಿ ಈ ಯಂತ್ರಕ್ಕೆ ನಾನು ಸಂಪೂರ್ಣ ಶರಣು. 26ಕ್ಕಿಟ್ಟು ಫ್ಯಾನ್ ಹಾಕಿದರೆ ಅವ್ವ ಬೆಳಿಗ್ಗೆವರೆಗೆ ನಿದ್ದೆ ಮಾಡ್ತಾಳೆ. ಜೂನ್‌ನಲ್ಲಿ ನಿದ್ದೆ ಬರೋದು ಅಂದರೆ ಏನು ಅಂತ ಬೆಂಗಳೂರಿನವರಿಗೆ ಹೇಳಿ ಪ್ರಯೋಜನವಿಲ್ಲ.

ಚಳಿಗಾಲಕ್ಕೆ ಬನ್ನಿ. ತತ್ವದಲ್ಲಿ ಇದರಷ್ಟು ಜಾಣ ಹೀಟರ್ ಇನ್ನೊಂದಿಲ್ಲ. ಬ್ಲೋವರ್ ಒಂದು ಯೂನಿಟ್ ಕರೆಂಟು ತಿಂದರೆ ಒಂದು ಯೂನಿಟ್ ಶಾಖ ಕೊಡುತ್ತೆ, ಅಷ್ಟೇ. ಇದು ಶಾಖ ಹುಟ್ಟಿಸೋದಲ್ಲ, ಹೊತ್ತು ತರೋದು. ಹೊರಗೆ 8 ಡಿಗ್ರಿ ಇದ್ದರೂ ಆ ಗಾಳಿಯಲ್ಲಿ ಇರೋ ಶಾಖವನ್ನ ಹಿಂಡಿ ಒಳಗೆ ತರುತ್ತೆ. ಒಂದು ಯೂನಿಟ್ಟಿಗೆ ಮೂರರ ಹತ್ತಿರ ಸಿಗುತ್ತೆ. ಬಿಲ್ಲಿನಲ್ಲಿ ಇದು ನನಗೆ ಕಂಡಿದೆ, ಸುಳ್ಳು ಹೇಳಲ್ಲ.

ಆದರೆ ಪೆಟ್ಟಿಗೆ ಕೂತಿರೋದೆಲ್ಲಿ? ಸೂರಿಗೆ ಒಂದಡಿ ಕೆಳಗೆ. ತಣ್ಣನೆಯ ಗಾಳಿ ಭಾರ, ತಾನೇ ಇಳಿಯುತ್ತೆ, ಅದಕ್ಕೆ ಆ ಜಾಗ ಸರಿ. ಬಿಸಿಗಾಳಿ ಹಗುರ, ಅಲ್ಲೇ ಮೇಲೆ ತೇಲುತ್ತೆ. ಎರಡು ಕೆಲಸಕ್ಕೆ ಅಂತ ಮಾರಿ ಒಂದೇ ಕೆಲಸಕ್ಕೆ ಒಪ್ಪೋ ಜಾಗದಲ್ಲಿ ಕೂರಿಸ್ತಾರೆ. ನಾನು ಎರಡು ಪ್ಯಾರಾದಲ್ಲಿ ಬರೆಯಬೇಕು ಅಂದುಕೊಂಡಿದ್ದ ವಿಮರ್ಶೆಯನ್ನ ಅವ್ವ ಮೊದಲ ರಾತ್ರಿಯೇ ಮುಗಿಸಿಬಿಟ್ಟಳು: "ತಲೀಗೆ ಬ್ಯಾಸಿಗಿ, ಕಾಲಿಗೆ ಚಳಿಗಾಲ. ಮಂಡಿ ನೋಯತೈತಿ ಅಂದ್ರ ತಲಿ ಕಾಸಾಕ ಹತ್ತೀಯಲ್ಲೋ." ಗಾಳಿಯ ರೆಕ್ಕೆಗಳನ್ನ ಪೂರ್ತಿ ಕೆಳಕ್ಕೆ ಮಾಡಿ, ಸೀಲಿಂಗ್ ಫ್ಯಾನನ್ನ ಒಂದರಲ್ಲಿ ತಿರುಗಿಸಿದರೆ ಬಿಸಿ ಸ್ವಲ್ಪ ಇಳಿಯುತ್ತೆ. ಜನವರಿಯಲ್ಲಿ ಫ್ಯಾನ್ ಹಾಕೋ ಮಗನನ್ನ ಅವ್ವ ನೋಡಿದ ರೀತಿ ಮಾತ್ರ ಮರೆಯಲ್ಲ.

ಇನ್ನೊಂದು. ಮಂಜು ಕವಿದ ಬೆಳಗಿನ ಜಾವ, ಅಂದರೆ ಬಿಸಿ ಅತಿ ಹೆಚ್ಚು ಬೇಕಾದ ಹೊತ್ತಲ್ಲಿ, ಇದು ಹಠಾತ್ತನೆ ಬೀಸೋದು ನಿಲ್ಲಿಸಿ ಬುಸ್ ಅಂತ ಸದ್ದು ಮಾಡುತ್ತೆ. ಕೆಟ್ಟಿದೆ ಅಂತ ಮೆಕ್ಯಾನಿಕ್ಕನ್ನ ಕರೆಸಿದ್ದೆ, ಬಂದದ್ದಕ್ಕೆ ದುಡ್ಡು ತಗೊಂಡು ಹೋದ. ಕೆಟ್ಟಿರಲಿಲ್ಲ. ಬಿಸಿ ಮಾಡುವಾಗ ಹೊರಗಿನ ಸುರುಳಿ ಹೊರಗಿನ ಗಾಳಿಗಿಂತ ತಣ್ಣಗಿರುತ್ತೆ. ಮಂಜಿನ ಪಸೆ ಅದರ ಮೇಲೆ ನೀರಾಗುತ್ತೆ, ಇನ್ನೂ ತಣ್ಣಗಾದರೆ ಹಿಮವಾಗಿ ಕಟ್ಟಿಕೊಳ್ಳುತ್ತೆ. ಅದನ್ನ ಕರಗಿಸೋಕೆ ಯಂತ್ರ ಕೆಲವು ನಿಮಿಷ ಉಲ್ಟಾ ಓಡುತ್ತೆ. ಕರಗಿದ ನೀರೇ ಆ ಬಿಳಿ ಕುರ್ತಾದ ಮೇಲೆ ಬಿದ್ದದ್ದು. ಒಳಗಿನ ಯೂನಿಟ್ಟಿಗೆ ನೀರಿನ ಪೈಪ್ ಕೊಟ್ಟವರು ಹೊರಗಿನದಕ್ಕೆ ಕೊಟ್ಟಿರಲಿಲ್ಲ. ಅವರ ಕೈ ಪಳಗಿದ್ದೆಲ್ಲ ಬೇಸಿಗೆಯಲ್ಲಿ.

ಕಿಟಕಿಯ ಜಗಳ ಬೇರೆ. ಈ ಎಸಿ ಹೊರಗಿನ ಗಾಳಿ ತರಲ್ಲ, ಇದ್ದ ಗಾಳಿಯನ್ನೇ ತಿರುಗಿಸುತ್ತೆ. ಜಾಲರಿ ಹಿಡಿಯೋದು ಕೂದಲು, ದೂಳು. ನವೆಂಬರದ ಹೊಗೆಯ ಸಣ್ಣ ಕಣ ಅದಕ್ಕೆ ಸಿಗೋದೇ ಇಲ್ಲ. "ಉಸಿರು ಕಟ್ಟತೈತಿ, ಕಿಡಕಿ ತಗಿ" ಅಂತ ಅವ್ವ. ತೆಗೆದರೆ ಹೊಗೆ, ಮುಚ್ಚಿದರೆ ಮಂಪರು. ಮಧ್ಯಾಹ್ನ ಅರ್ಧ ಗಂಟೆ ತೆಗೀತೀವಿ. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ನೀರಿನದು ಸರಿಹೋಯ್ತು. ಹೊರಗಿನ ಯೂನಿಟ್ಟಿನ ಕೆಳಗೆ ತಗಡಿನ ತಟ್ಟೆ, ಅದಕ್ಕೊಂದು ಪೈಪ್, ಒಟ್ಟು 600 ರೂಪಾಯಿ. ಕುರ್ತಾದ ದುಡ್ಡು ಕೊಡೋಕೆ ಹೋದರೆ ಇಸ್ತ್ರಿಯವರು ತಗೊಳ್ಳಲಿಲ್ಲ, ಒಣಗಿತು ಬಿಡಿ ಅಂದರು. ಬೇಸಿಗೆಯ ಬಿಸಿಗಾಳಿಗೆ ತಟ್ಟೆ ಇಡೋಕಾಗಲ್ಲವಲ್ಲ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತವರ ತಲೆಯ ಮೇಲೆ ನಮ್ಮ ಕೋಣೆಯ ಸೆಕೆಯೆಲ್ಲ ಹೋಗಿ ಬೀಳ್ತಿತ್ತು. ಎರಡು ಬೇಸಿಗೆ ಅವರು ಏನೂ ಅಂದಿರಲಿಲ್ಲ. ಕುರ್ತಾ ಬೇರೆಯವರದ್ದು ಅಂತ ಅವತ್ತು ಮೇಲೆ ಬಂದಿದ್ದರು. ಮೊನ್ನೆ ಏಪ್ರಿಲ್‌ನಲ್ಲಿ ಅವರೇ ಮೇಜನ್ನ ಗೋಡೆಯ ಆ ತುದಿಗೆ, ಮೀಟರ್ ಪೆಟ್ಟಿಗೆಗಳ ಪಕ್ಕಕ್ಕೆ ಸರಿಸಿಕೊಂಡರು.

ಈಗ ಮಗಳ ಕೋಣೆಗೂ ಒಂದು ಬೇಕು ಅಂತ ಮನೆಯಲ್ಲಿ ಮಾತು. ಬೋರ್ಡ್ ಪರೀಕ್ಷೆಯ ವರ್ಷ, ಕೇಳೋದರಲ್ಲಿ ತಪ್ಪಿಲ್ಲ. ಭಾನುವಾರ ಟೇಪ್ ಹಿಡಿದು ಅಳೆದೆ. ಅವಳ ಕೋಣೆಯಿಂದ ಮೂರು ಮೀಟರಿಗೆ ಸಿಗೋದು ಗೋಡೆಯ ಆ ತುದಿಯೇ, ಮೀಟರ್ ಪೆಟ್ಟಿಗೆಗಳ ಮೇಲೆ. ಅಂಗಡಿಯ ಹುಡುಗ ಎರಡು ಸಲ ಫೋನ್ ಮಾಡಿದ. ಮುಂದಿನ ವಾರ ಹೇಳ್ತೀನಿ ಅಂದಿದ್ದೀನಿ.