ಧ್ವನಿಮುದ್ರಿಕೆಯೂ ದಾಸರ ಹಿಮ್ಮೇಳವೂ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಹಾದಿಯಲ್ಲಿರುವ ಗಬ್ಬೂರು ತನ್ನ ಪ್ರಾಚೀನ ದೇವಾಲಯಗಳಿಂದಲೂ ಶಿಲಾಶಾಸನಗಳಿಂದಲೂ ಇತಿಹಾಸಜ್ಞರಿಗೆ ಚಿರಪರಿಚಿತವಾದ ಗ್ರಾಮ. ಈ ಊರನ್ನು ನಡುವೆ ಇರಿಸಿಕೊಂಡು ಸುತ್ತಣ ಸೀಮೆಯನ್ನು ನೋಡಿದರೆ, ಮಾನ್ವಿಯ ಕಡೆಗೆ ವಿಜಯದಾಸರು ಹುಟ್ಟಿದ ಚೀಕಲಪರ್ವಿ, ದೇವದುರ್ಗದ ಕಡೆಗೆ ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರು ಜನಿಸಿದ ಬ್ಯಾಗವಾಟ, ಅವರು ನೆಲಸಿದ ಮಾನ್ವಿ, ಹೀಗೆ ಹದಿನೆಂಟನೆಯ ಶತಮಾನದ ದಾಸಕೂಟವೆಲ್ಲ ಕೆಲವೇ ಹರಿದಾರಿಗಳ ಅಂತರದಲ್ಲಿ ಬೆಳೆದುದು ಗೋಚರವಾಗುತ್ತದೆ.

ಕೂಟವೆಂಬ ಮಾತು ಇಲ್ಲಿ ಅಲಂಕಾರವಲ್ಲ. ಗೋಪಾಲದಾಸರ ತಮ್ಮಂದಿರು ಮೂವರೂ ಗೋಪಾಲವಿಠಲನ ಹೆಸರನ್ನೇ ಒಳಗೊಂಡ ಬೇರೆ ಬೇರೆ ಅಂಕಿತಗಳಿಂದ ಪದಗಳನ್ನು ರಚಿಸಿದರು. ಒಂದೇ ಮನೆಯಲ್ಲಿ ನಾಲ್ವರು ದಾಸರು! ಸಂಸ್ಕೃತಪಾಂಡಿತ್ಯದ ಅಭಿಮಾನದಿಂದ ವಿಜಯದಾಸರನ್ನು ಉಪೇಕ್ಷಿಸಿ ಉದರವ್ಯಾಧಿಗೆ ಒಳಗಾದ ಶ್ರೀನಿವಾಸಾಚಾರ್ಯರಿಗೆ ಗೋಪಾಲದಾಸರು ಜೋಳದ ರೊಟ್ಟಿಯಲ್ಲಿ ನಲವತ್ತು ವರ್ಷದ ಆಯುಷ್ಯವನ್ನು ಧಾರೆಯೆರೆದರೆಂದೂ, ಆ ಆಚಾರ್ಯರೇ ಮುಂದೆ ಜಗನ್ನಾಥದಾಸರಾದರೆಂದೂ ಐತಿಹ್ಯವುಂಟು. ಪಂಡಿತನು ಭಜನೆಯ ಪಂಕ್ತಿಯಲ್ಲಿ ಬಂದು ಕುಳಿತುದೇ ಆ ಕಥೆಯ ಸಾರವೆಂದು ನನಗೆ ತೋರುತ್ತದೆ.

ಈ ಸಂಪ್ರದಾಯದ ಗಾನ ಮೂಲತಃ ಇಬ್ಬದಿಯ ಗಾನ. ಮುಂದೆ ಹಾಡುವವನು ಒಂದು ನುಡಿಯನ್ನು ಎತ್ತುತ್ತಾನೆ; ಹಿಂದಿನವರು ತಾಳ ತಟ್ಟುತ್ತ ಪಲ್ಲವಿಯನ್ನು ಮರಳಿ ಕೊಡುತ್ತಾರೆ; ಆ ಅವಕಾಶದಲ್ಲಿ ಮುಂದಿನವನು ಉಸಿರನ್ನೂ ಅರ್ಥವನ್ನೂ ಕೂಡಿಸಿಕೊಳ್ಳುತ್ತಾನೆ. ಧ್ವನಿಮುದ್ರಣ ಬಂದಾಗ ಮೊದಲು ಪೆಟ್ಟು ಬಿದ್ದುದು ಈ ಹಿಂದಿನವರಿಗೆ. ಗ್ರಾಮಾಫೋನ್ ತಟ್ಟೆಯ ಒಂದು ಮುಖ ಮೂರು ನಿಮಿಷಕ್ಕೆ ಮುಗಿಯುತ್ತಿದ್ದುದರಿಂದ, ಐದಾರು ಚರಣಗಳ ಪದವೊಂದು ಪಲ್ಲವಿ, ಒಂದೆರಡು ಚರಣ, ಅಂಕಿತದ ಕಡೆಯ ಚರಣ ಇಷ್ಟಕ್ಕೆ ಸಂಕುಚಿತವಾಯಿತು. ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳದಿಂದ ತಾಳಕ್ಕೆ ಸಾಗಿ ಜತೆಯಲ್ಲಿ ನಿಲ್ಲುವ ಸುಳಾದಿಗಂತೂ ಅಲ್ಲಿ ಎಡೆಯೇ ಇರಲಿಲ್ಲ. ವಿಜಯದಾಸರ ಪ್ರತಿಭೆಯ ಶಿಖರವೆನ್ನಬಹುದಾದ ಪ್ರಕಾರವೇ ಹೀಗೆ ಜನರ ಕಿವಿಯಿಂದ ದೂರವಾಯಿತು. ದೀರ್ಘವಾದ ತಟ್ಟೆಗಳೂ ಕ್ಯಾಸೆಟ್ಟುಗಳೂ ಬಂದ ಮೇಲೆ ಕಾಲಾವಕಾಶ ದೊರೆಯಿತು, ನಿಜ. ಆದರೆ ಅಷ್ಟರಲ್ಲಿ ಶ್ರೋತೃವಿನ ಅಭ್ಯಾಸ ಗಟ್ಟಿಯಾಗಿತ್ತು.

ಇದು ಯಂತ್ರದ ದೋಷವೆಂದು ಕೈತೊಳೆದುಕೊಳ್ಳುವಂತಿಲ್ಲ. 1950ರ ದಶಕದಲ್ಲಿ ಅಮೆರಿಕದ ನಗರಗಳ ಬೀದಿಮೂಲೆಗಳಲ್ಲಿ ವಾದ್ಯಕ್ಕೆ ಹಣವಿಲ್ಲದ ಕಪ್ಪುಜನರ ತರುಣರು ಬಾಯಿಂದಲೇ ವಾದ್ಯದ ಕೆಲಸ ಮಾಡಿಸಿ ರೂಢಿಸಿದ 'ಡೂ-ವಾಪ್' ಎಂಬ ಗಾನಕ್ಕೂ ಅದೇ ಮೂರು ನಿಮಿಷದ ತಟ್ಟೆಯೇ ಗತಿಯಾಗಿತ್ತು. ಆದರೂ 'ದಿ ಕಾರ್ಡ್ಸ್' ಎಂಬ ಮೇಳ 1954ರಲ್ಲಿ ಮುದ್ರಿಸಿದ 'ಶ್-ಬೂಮ್' ಗೀತೆಯ ಶೀರ್ಷಿಕೆಯೇ ಅರ್ಥವಿಲ್ಲದ ಮೇಳದ ಉಲಿ. ಅಲ್ಲಿ ಹಿಮ್ಮೇಳವನ್ನು ತೆಗೆದರೆ ಗೀತೆಯೇ ಉಳಿಯದು. ನಮ್ಮಲ್ಲಿ ಹಿಮ್ಮೇಳ ಹಿಂದಣ ಪರದೆಯಾಯಿತು.

ಭೀಮಸೇನ ಜೋಶಿಯವರ ದಾಸವಾಣಿಯನ್ನು ನಾನು ಅಲ್ಪವೆಂದು ಹೇಳಲಾರೆ. ಆ ಕಂಠದ ಗಾಂಭೀರ್ಯದಿಂದ ದಾಸರ ಪದ ಕನ್ನಡ ಬಾರದವರ ಮನೆಗೂ ಪ್ರವೇಶಿಸಿತು. ವಿದ್ಯಾಭೂಷಣರ ಮುದ್ರಿಕೆಗಳಲ್ಲಿ ಉಚ್ಚಾರದ ಸ್ವಚ್ಛತೆ ಅನುಕರಣೀಯವಾದುದು. ಆದರೆ ಇವೆರಡೂ ಏಕಾಕಿಯ ಭಕ್ತಿಯ ಚಿತ್ರಗಳು. ದಾಸನು ಗುಂಪಿನಲ್ಲಿ ಒಬ್ಬನಾಗಿದ್ದನೆಂಬುದನ್ನು ಅವು ಮರೆಸುತ್ತವೆ. ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ಶ್ರಮವಹಿಸಿ ಪದಗಳನ್ನು ಸಂಗ್ರಹಿಸಿ ಪ್ರಕಟಿಸಿದುದರಿಂದ ಸಾಹಿತ್ಯ ಉಳಿಯಿತು. ಪುಸ್ತಕ ಮಟ್ಟನ್ನು ಕಾಯಲಾರದು.

ಮಟ್ಟನ್ನು ಕಾದವರು ಭಜನಾಮಂಡಳಿಗಳ ಹೆಣ್ಣುಮಕ್ಕಳು. ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನೀ ಷಟ್ಪದಿಯಲ್ಲಿರುವುದು ಇವರ ಪಾಲಿಗೆ ಭಾಗ್ಯವೇ ಸರಿ, ಏಕೆಂದರೆ ಆ ಛಂದಸ್ಸಿನ ಮೂರು-ನಾಲ್ಕು ಮಾತ್ರೆಗಳ ನಡೆ ಒಬ್ಬರ ಧ್ವನಿಗೆ ಹತ್ತು ಧ್ವನಿಗಳು ಹೊಂದಿಕೊಳ್ಳುವಂತೆ ತಾನೇ ದಾರಿ ಮಾಡಿಕೊಡುತ್ತದೆ. ಶ್ರುತಿ ಕೆಲವೊಮ್ಮೆ ಜಾರುವುದುಂಟು, ಕಠಿಣಪದಗಳು ಒರಟಾಗಿ ಒಡೆಯುವುದುಂಟು. ಈಚೆಗೆ ಇಂಥ ಮಂಡಳಿಗಳ ಹಾಡನ್ನು ಯಾರಾದರೊಬ್ಬರು ಮೊಬೈಲಿನಲ್ಲಿ ಹಿಡಿದಿಡುತ್ತಾರೆ. ಫ್ಯಾನಿನ ಸದ್ದೂ ಮಕ್ಕಳ ಗಲಾಟೆಯೂ ಅದರಲ್ಲಿ ಬೆರೆತಿರುತ್ತವೆ. ವೃತ್ತಿಗಾಯಕರ ಎಷ್ಟೋ ಮುದ್ರಿಕೆಗಳಿಗಿಂತ ಇವನ್ನೇ ನಾನು ಮೇಲೆಂದು ಎಣಿಸುತ್ತೇನೆ, ಏಕೆಂದರೆ ಹರಿಕಥಾಮೃತಸಾರದ ಸಂಧಿಯೊಂದನ್ನು ಎತ್ತಿಕೊಂಡರೆ ಅದರ ಒಂದು ನುಡಿಯನ್ನೂ ಇವರು ಬಿಡುವುದಿಲ್ಲ.