ಮೇಲ್ ಮರ್ಜ್ ಪಟ್ಟಿಯ ಶೂನ್ಯ ದೋಷ

ಒಂದೇ ಪತ್ರವನ್ನು ನೂರಾರು ಹೆಸರು, ವಿಳಾಸಗಳೊಂದಿಗೆ ಮುದ್ರಿಸಿಕೊಡುವ ಮೇಲ್ ಮರ್ಜ್ ಸೌಲಭ್ಯ ಶಾಲಾ ಕಾಲೇಜುಗಳಿಗೆ ಹೊಸದೇನಲ್ಲ. ಆಹ್ವಾನ ಪತ್ರ, ಪ್ರಮಾಣಪತ್ರ, ಲಕೋಟೆಯ ವಿಳಾಸ ಎಲ್ಲಕ್ಕೂ ಅದೇ. ಪಟ್ಟಿಯ ತಪ್ಪುಗಳನ್ನು ಒಂದೇ ಏಟಿಗೆ ತಿದ್ದಲು 'ಎಲ್ಲವನ್ನೂ ಬದಲಿಸು' ಎಂಬ ಆಜ್ಞೆಯನ್ನೋ ಮ್ಯಾಕ್ರೊಗಳನ್ನೋ ಬಳಸುವುದೂ ರೂಢಿಯಾಗಿದೆ. ಸಮಯ ಉಳಿಯುತ್ತದೆ, ನಿಜ. ಆದರೆ ಇಂಗ್ಲಿಷ್ ಪಟ್ಟಿಗಳಿಗೆಂದು ರೂಪಿಸಿದ ಈ ಶುದ್ಧೀಕರಣವನ್ನು ಕನ್ನಡಕ್ಕೆ ಯೋಚಿಸದೆ ಹಚ್ಚುವುದನ್ನು ಒಪ್ಪಲಾಗದು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರಿಗೆ ನೀವು ಪತ್ರ ಕಳಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ತೊಂದರೆಯನ್ನು ತಿಳಿಯಲು ಈ ಮೂರು ಹೆಸರುಗಳೇ ಸಾಕು.

ಮೊದಲು ಆಳಂದ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಅನುಸ್ವಾರದ ಸಂಖ್ಯೆ 3202. ಕನ್ನಡ ಅಂಕಿ ಸೊನ್ನೆಯದು 3302. ಅನುಸ್ವಾರವನ್ನೂ 'ಸೊನ್ನೆ' ಎಂದೇ ಕರೆಯುವ ನಮಗೆ ಎರಡೂ ಒಂದೇ ದುಂಡು. ಹಾಗಾಗಿ 'ಆಳಂದ' ಮತ್ತು 'ಆಳ೦ದ' ಎರಡೂ ಪಟ್ಟಿಗೆ ಸೇರುತ್ತವೆ. ಓದುವವರಿಗೆ ವ್ಯತ್ಯಾಸ ತಿಳಿಯದು, ಗಣಕಕ್ಕೆ ಮಾತ್ರ ಅವು ಎರಡು ಊರುಗಳು. ಆಳಂದದವರನ್ನು ಸೋಸಿ ತೆಗೆದಾಗ ಸೊನ್ನೆ ಇರುವವರು ಹೊರಗುಳಿಯುತ್ತಾರೆ. ಅವರಿಗೆ ಪತ್ರ ಹೋಗುವುದಿಲ್ಲ. ಹೋಗಲಿಲ್ಲವೆಂಬುದು ನಿಮಗೂ ಗೊತ್ತಾಗುವುದಿಲ್ಲ.

ಹಾಗಾದರೆ ಎಲ್ಲ ಸೊನ್ನೆಗಳನ್ನೂ ಅನುಸ್ವಾರವಾಗಿಸಿದರಾಯಿತಲ್ಲ ಎನ್ನುತ್ತೀರಾ? ಆಗ ಮನೆ ಸಂಖ್ಯೆ ೧೦೫ ಎಂಬುದು ೧ಂ೫ ಆಗುತ್ತದೆ, ನೂರು ಅಂಕ ೧ಂಂ ಆಗುತ್ತದೆ. ಕಾಗದದ ಮೇಲೆ ಕಣ್ಣಿಗೆ ಬೀಳದ ಈ ತಪ್ಪು, ಅಂಕಗಳನ್ನು ಕೂಡುವಾಗ ವಿದ್ಯಾರ್ಥಿಯ ನೂರನ್ನೇ ನುಂಗಬಲ್ಲದು. ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದಾಗ ಮಾತ್ರ ಬದಲಿಸು ಎಂಬ ಷರತ್ತು ಇರಲೇಬೇಕು.

ಎರಡನೆಯದು ಅಫಜಲಪುರ. ಕೆಲವರು ಇದನ್ನು 'ಅಫಜಲ್‌ಪುರ' ಎಂದು ಬರೆಯುತ್ತಾರೆ. ಇಲ್ಲಿ ಲ್ ಮತ್ತು ಪು ಕೂಡಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದಿದೆ. ಅದರ ಸಂಖ್ಯೆ 8204. ಕಾಣದ್ದೆಲ್ಲ ಕಸ ಎಂದು ಭಾವಿಸಿದ ಮ್ಯಾಕ್ರೊ ಅದನ್ನು ಅಳಿಸಿದರೆ 'ಅಫಜಲ್ಪುರ' ಉಳಿಯುತ್ತದೆ. 'ರಾಜ್‌ಕುಮಾರ್' ಹೋಗಿ 'ರಾಜ್ಕುಮಾರ್' ಬರುತ್ತದೆ. ಪ್ರಮಾಣಪತ್ರದಲ್ಲಿ ಅಚ್ಚಾಗುವ ಹೆಸರು ವಿದ್ಯಾರ್ಥಿಯದು. ಅದನ್ನು ಕೆಡಿಸುವ ಅಧಿಕಾರ ನಮಗಿಲ್ಲ.

ಮೂರನೆಯ ಜೇವರ್ಗಿಯಲ್ಲಿ ಯಂತ್ರಕ್ಕೆ ನ್ಯಾಯವಾಗಿ ಸಲ್ಲುವ ಕೆಲಸವಿದೆ. 'ಜೇ' ಅಕ್ಷರದ ಏತ್ವವನ್ನು 3271 ಎಂಬ ಒಂದೇ ಸಂಕೇತವಾಗಿ ಬರೆಯಬಹುದು. 3270 ಮತ್ತು 3285, ಅಂದರೆ ಎತ್ವ ಮತ್ತು ದೀರ್ಘಚಿಹ್ನೆ, ಎಂದು ಎರಡಾಗಿಯೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಶಿಷ್ಟತೆಯೇ ಹೇಳುತ್ತದೆ. ಎನ್‌ಎಫ್‌ಸಿ ಎಂಬ ಪ್ರಮಾಣೀಕರಣ ವಿಧಾನ ಇವನ್ನು ಒಂದು ಮಾಡುತ್ತದೆ. ಇಲ್ಲಿ ಊಹೆಗೆ ಎಡೆಯಿಲ್ಲ, ಆದ್ದರಿಂದ ಅಪಾಯವೂ ಇಲ್ಲ.

ಎಕ್ಸೆಲ್‌ನ ಸಿದ್ಧ ಸೂತ್ರಗಳನ್ನೂ ಅತಿಯಾಗಿ ನಂಬಬೇಡಿ. ಟ್ರಿಮ್ ತೆಗೆಯುವುದು 32ನೆಯ ಸಂಕೇತದ ಖಾಲಿ ಜಾಗವನ್ನು ಮಾತ್ರ. ಅಂತರಜಾಲದ ಪುಟಗಳಿಂದ ನಕಲಿಸಿದಾಗ ಬರುವ 160ನೆಯದು ಹಾಗೇ ಉಳಿಯುತ್ತದೆ. ಕ್ಲೀನ್ ಸೂತ್ರವನ್ನು ರೂಪಿಸಿರುವುದು 0ಯಿಂದ 31ರವರೆಗಿನ ಸಂಕೇತಗಳಿಗೆ.

ಇನ್ನು ಅರ್ಥದ ಪ್ರಶ್ನೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಹಳೆಯ ಪಟ್ಟಿಯಲ್ಲಿ ಎಲ್ಲೆಡೆ ಹೆಸರು ಬದಲಿಸಿದರೆ 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರೂ ಬದಲಾಗುತ್ತದೆ. ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲ್ಲೂಕಾಗಿದೆ. ಯಾವ ಹಳ್ಳಿ ಎತ್ತ ಸೇರಿತೆಂಬುದನ್ನು ಅಕ್ಷರ ಬದಲಿಸುವ ಆಜ್ಞೆ ಬಲ್ಲದೆ? ಅದನ್ನು ಬಲ್ಲವರಿಂದಲೇ ಕೇಳಿ ತಿಳಿಯಬೇಕು.

ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷವನ್ನು ನೆನಪಿಸಿಕೊಳ್ಳಿ. ಅದರ ತಿದ್ದುಪಡಿಯನ್ನು ಎಲ್ಲ ಅಳತೆಗಳಿಗೂ ಹಚ್ಚುವುದು ಸರಿ, ಏಕೆಂದರೆ ಅವೆಲ್ಲ ಒಂದೇ ಉಪಕರಣದಿಂದ ಬಂದವು. ವಿಳಾಸ ಪಟ್ಟಿ ಹಾಗಲ್ಲ. ಹತ್ತು ಜನ, ಹತ್ತು ಕೀಲಿಮಣೆಗಳಲ್ಲಿ ಬರೆದ ಪಟ್ಟಿಗೆ ಒಂದೇ ತಿದ್ದುಪಡಿ ಹಚ್ಚಿದರೆ ಹಳೆಯ ದೋಷ ಹೋಗಿ ಹೊಸದು ಸೇರುತ್ತದೆ.

ಆದ್ದರಿಂದ ಮುದ್ರಣಕ್ಕೆ ಸಿದ್ಧವಾದ ಪತ್ರಗಳನ್ನಲ್ಲ, ಮೂಲ ಪಟ್ಟಿಯನ್ನು ತಿದ್ದಿ. ಅದರ ಪ್ರತಿಯೊಂದನ್ನು ಮುಟ್ಟದೆ ಇರಿಸಿ. ಹೆಸರಿನ, ಊರಿನ, ಅಂಕಗಳ ಕಂಬಸಾಲುಗಳಿಗೆ ಬೇರೆ ಬೇರೆ ನಿಯಮ ಮಾಡಿ. ಪ್ರತಿ ನಿಯಮ ಎಷ್ಟು ಕಡೆ ಏನನ್ನು ಬದಲಿಸಿತೆಂದು ಬರೆದಿಟ್ಟು, ಕೆಲವನ್ನು ಕಣ್ಣಾರೆ ನೋಡಿ. ಪ್ರಯೋಗಶಾಲೆಯಲ್ಲಿ ತಿದ್ದುಪಡಿಯನ್ನು ದಾಖಲಿಸದ ವಿದ್ಯಾರ್ಥಿಯ ಅಂಕ ಕಳೆಯುವ ನಾವು, ಅವನದೇ ಹೆಸರಿನ ವಿಷಯದಲ್ಲಿ ಅಷ್ಟಾದರೂ ಎಚ್ಚರ ವಹಿಸಬೇಡವೆ?