ಕಾಲರ್ ಟ್ಯೂನ್‌ನ ಆ ಕೆಮ್ಮು

2020ರ ಮಾರ್ಚ್ ಮೊದಲ ವಾರದಿಂದ ದೇಶದ ಮೊಬೈಲುಗಳಲ್ಲಿ ಕೇಳಿಸತೊಡಗಿದ ಕೊರೊನಾ ಕಾಲರ್ ಟ್ಯೂನ್ ಬಗ್ಗೆ ಬಂದ ದೂರುಗಳೆಲ್ಲ ಒಂದೇ ಧಾಟಿಯವು: ಕಿರಿಕಿರಿ, ತುರ್ತು ಕರೆಗೆ ಅಡ್ಡಿ, ಕೇಳಿ ಕೇಳಿ ಸಾಕಾಯಿತು. ಹೊಗಳಿದವರ ಮಾತೂ ಒಂದೇ: ಇಷ್ಟು ಬೇಗ, ಇಷ್ಟು ಜನರ ಕಿವಿಗೆ ಬಿದ್ದ ಆರೋಗ್ಯ ಸಂದೇಶ ಇನ್ನೊಂದಿಲ್ಲ. ಅದನ್ನು ಒಂದು ಕೃತಿಯೆಂದು ಕೂತು ಓದುವ ಕೆಲಸವನ್ನು ಎರಡೂ ಕಡೆಯವರು ಮಾಡಲಿಲ್ಲ. ಅರ್ಧ ನಿಮಿಷದ ಆ ಗದ್ಯವನ್ನು ಕೇಳಿದಷ್ಟು ಜನ ನಮ್ಮ ಕಾಲದ ಬೇರೆ ಯಾವ ಗದ್ಯವನ್ನೂ ಕೇಳಿರಲಾರರು. ಅದು ಸೋತ ಗದ್ಯ ಎಂಬುದು ನನ್ನ ವಾದ. ಸೋತದ್ದು ಮಾತು ಶುರುವಾಗುವ ಮೊದಲೇ, ಆ ಕೆಮ್ಮಿನಲ್ಲಿ.

ಆ ಕೆಮ್ಮು ಬಂದು ಕೂತ ಜಾಗ ನೋಡಿ. ಊರಿನಲ್ಲಿರುವ ಅಮ್ಮನಿಗೋ ಬೀದಿಯ ಅಂಗಡಿಯವರಿಗೋ ಫೋನ್ ಮಾಡುತ್ತೇವೆ. ನಂಬರ್ ಒತ್ತಿ ಕಿವಿಗಿಟ್ಟ ಮೇಲೆ ಆ ಕಡೆಯಿಂದ ರಿಂಗ್ ಕೇಳಿಸಬೇಕು, ಆಮೇಲೆ ಪರಿಚಯದ ದನಿ. ಅಲ್ಲಿ ಒಣ ಕೆಮ್ಮು ಕೇಳಿಸಿತು. ಟಿ.ವಿ.ಯಲ್ಲಿ ಅದೇ ಕೆಮ್ಮು ಬಂದಿದ್ದರೆ ಅದು ಜಾಹೀರಾತಿನ ಪಾತ್ರಧಾರಿಯ ಕೆಮ್ಮು. ಅವನಿಗೊಂದು ಮುಖವಿರುತ್ತದೆ, ಪರದೆಯಾಚೆಗೆ ಅವನು ಬರುವುದಿಲ್ಲ. ಫೋನಿನಲ್ಲಿ ಹಾಗಲ್ಲ. ಕೆಮ್ಮಿದವರು ಯಾರೆಂದು ಗೊತ್ತಿಲ್ಲ, ಕೆಮ್ಮು ಮಾತ್ರ ನಾವು ಕರೆದವರ ಬಾಯಿಂದಲೇ ಬಂದಂತೆ ಬರುತ್ತದೆ. ಆ ತಿಂಗಳುಗಳಲ್ಲಿ ನಮ್ಮವರು ಯಾರು ಫೋನ್ ಎತ್ತಿಕೊಂಡರೂ ಅವರ ಮಾತಿಗೆ ಮೊದಲು ಅವರ ರೋಗ ಕೇಳಿಸಿದಂತಾಯಿತು. ಇದನ್ನು ಯಾರೂ ಯೋಜಿಸಿ ಮಾಡಿರಲಿಕ್ಕಿಲ್ಲ. ಕೇಳುವವರ ಗಮನ ಸೆಳೆಯಲು ಒಂದು ಸದ್ದು ಬೇಕಿತ್ತು, ಸಿಕ್ಕಿದ್ದನ್ನು ಇಟ್ಟರು. ಆದರೆ ಕೃತಿಯನ್ನು ಅಳೆಯುವಾಗ ನೋಡಬೇಕಾದದ್ದು ಅದು ಏನು ಮಾಡಿತು ಎನ್ನುವುದನ್ನು.

ಕೆಮ್ಮಿನ ನಂತರದ ಮಾತುಗಳ ಸರಣಿಯನ್ನೂ ಗಮನಿಸಿ. ಸೋಂಕು ಹರಡದಂತೆ ತಡೆಯಬಹುದು ಎಂದು ಮೊದಲ ಭರವಸೆ. ಕೆಮ್ಮುವಾಗ, ಸೀನುವಾಗ ಕರವಸ್ತ್ರ ಅಡ್ಡ ಹಿಡಿಯಿರಿ. ಸೋಪಿನಿಂದ ಕೈ ತೊಳೆಯಿರಿ. ಮುಖ, ಕಣ್ಣು, ಮೂಗು ಮುಟ್ಟಿಕೊಳ್ಳಬೇಡಿ. ಇಲ್ಲಿಯವರೆಗೆ ಕೇಳುಗನೇ ಕೆಮ್ಮುವವನು. ಹೊಣೆ ಅವನದು, ಮಾಡಬೇಕಾದದ್ದೂ ಅವನ ಕೈಯಲ್ಲಿದೆ. ಆಮೇಲೆ ಮಾತು ಹೊರಳುತ್ತದೆ. ಯಾರಿಗಾದರೂ ಕೆಮ್ಮು, ಜ್ವರ, ಉಸಿರಾಟದ ತೊಂದರೆ ಇದ್ದರೆ ಅವರಿಂದ ಒಂದು ಮೀಟರ್ ದೂರ ಇರಿ. ಈ ಒಂದು ವಾಕ್ಯದಲ್ಲಿ ಕೆಮ್ಮು ಬೇರೆಯವರದಾಗುತ್ತದೆ, ಕೇಳುಗ ತಪ್ಪಿಸಿಕೊಳ್ಳಬೇಕಾದವನಾಗುತ್ತಾನೆ. ಅಗತ್ಯವಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಆ ಕೆಮ್ಮುವವರ ಮನೆಯವರು ಏನು ಮಾಡಬೇಕು, ಅವರಿಗೆ ಊಟ ಯಾರು ತಂದುಕೊಡಬೇಕು, ಎಷ್ಟು ದಿನ, ಯಾವಾಗ ಹೆದರಬೇಕು, ಯಾವಾಗ ಬೇಡ, ಇವು ಯಾವುವೂ ಇಲ್ಲ. ದಿನಕ್ಕೆ ಹತ್ತಾರು ಸಲ ಕೇಳಿದ ಮೇಲೆ ಮಾತು ಕಿವಿಯಿಂದ ಜಾರಿಹೋಗುತ್ತದೆ, ಸದ್ದು ಉಳಿಯುತ್ತದೆ. ಉಳಿದ ಸದ್ದು ಸೋಪಿನದಾಗಲಿ ನೀರಿನದಾಗಲಿ ಅಲ್ಲ, ಕೆಮ್ಮಿನದು. ಭರವಸೆಯ ಮಾತನ್ನು ಮೊದಲ ವಾಕ್ಯದಲ್ಲೇ ಇಟ್ಟಿದ್ದೂ ದಂಡವಾಯಿತು.

ಇನ್ನೂ ಗಂಭೀರವಾದ ತಪ್ಪೆಂದರೆ, ಹೆದರಲು ಹೇಳಿಕೊಟ್ಟ ಗುರುತೇ ಸರಿಯಾದ ಗುರುತಲ್ಲ. ಕೆಮ್ಮದವರಿಂದಲೂ, ಯಾವ ಲಕ್ಷಣವೂ ಇಲ್ಲದವರಿಂದಲೂ ಈ ವೈರಾಣು ಹರಡುತ್ತದೆ ಎಂಬುದು ಬೇಗನೇ ಗೊತ್ತಾಯಿತು. ಏಪ್ರಿಲ್‌ನಲ್ಲಿ ಎಲ್ಲರೂ ಮಾಸ್ಕ್ ಹಾಕಿ ಎಂಬ ಸಲಹೆ ಬಂದದ್ದೇ ಅದಕ್ಕೆ. ಅಷ್ಟರಲ್ಲಿ ಕಿವಿ ಪಾಠ ಕಲಿತಾಗಿತ್ತು. ಬಸ್ಸಿನಲ್ಲಿ ಒಬ್ಬರು ಕೆಮ್ಮಿದರೆ ಅಕ್ಕಪಕ್ಕದ ಸೀಟು ಖಾಲಿ. ಕೆಮ್ಮಿದವರು ‘ಅಲರ್ಜಿ ಕಣ್ರೀ, ಧೂಳಿಗೆ’ ಎಂದು ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಡುತ್ತಿದ್ದರು. ಆಸ್ತಮಾ ಇದ್ದವರು, ಬೀಡಿ ಸೇದಿ ಎದೆ ಕೆಟ್ಟವರು, ಒಗ್ಗರಣೆಯ ಘಾಟಿಗೆ ಕೆಮ್ಮು ಬಂದವರು ಎಲ್ಲ ಒಂದೇ ಸಾಲಿಗೆ ಬಂದರು. ಕೆಮ್ಮದೆ, ಮಾಸ್ಕ್ ಇಲ್ಲದೆ, ಹತ್ತಿರ ನಿಂತು ನಗುತ್ತಾ ಮಾತಾಡುವ ನೆಂಟರ ಬಗ್ಗೆ ಯಾರಿಗೂ ಭಯವಿಲ್ಲ.

ಆ ಮಾರ್ಚ್‌ನಲ್ಲಿ ಏನಾದರೂ ಮಾಡಲೇಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಮಾರ್ಚ್ 10ರಂದು ಕಲಬುರಗಿಯಲ್ಲಿ ತೀರಿಕೊಂಡ 76 ವರ್ಷದ ಹಿರಿಯರದು ದೇಶದಲ್ಲೇ ದೃಢಪಟ್ಟ ಮೊದಲ ಕೋವಿಡ್ ಸಾವು. ವೈದ್ಯರಿಗೇ ತಿಳಿದದ್ದು ಕಡಿಮೆ. ಕೈ ತೊಳೆಯುವ ಮಾತನ್ನು ಕೋಟ್ಯಂತರ ಜನಕ್ಕೆ ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ.

ಆದರೆ ‘ನಮ್ಮ ಜನಕ್ಕೆ ಹೆದರಿಸದೆ ಹೇಳಿದರೆ ತಲೆಗೆ ಹೋಗಲ್ಲ’ ಎನ್ನುವವರು ಈಗಲೂ ಇದ್ದಾರೆ, ಅವರಲ್ಲಿ ಓದಿದವರೇ ಹೆಚ್ಚು. ಅವರ ಬೆನ್ನಿಗೆ ಸಂಶೋಧನೆಯೂ ಇದೆ. 2015ರಲ್ಲಿ ಮೆಲನಿ ಟ್ಯಾನೆನ್‌ಬಾಮ್ ಮತ್ತು ಸಂಗಡಿಗರು 127 ಪ್ರಬಂಧಗಳನ್ನು, 27,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಹಾಕಿ, ಭಯದ ಸಂದೇಶ ಕೆಲಸ ಮಾಡುತ್ತದೆ, ತಿರುಗುಬಾಣವಾಗುವುದಿಲ್ಲ ಎಂದರು. ನೆದರ್‌ಲೆಂಡ್ಸ್‌ನ ಗೆರ್ಯೊ ಕೊಕ್, ಪೀಟರ್ಸ್ ಮೊದಲಾದವರು ಒಪ್ಪಲಿಲ್ಲ. ತಾನು ಏನಾದರೂ ಮಾಡಬಲ್ಲೆ ಎಂಬ ನಂಬಿಕೆ ಇಲ್ಲದವನನ್ನು ಹೆದರಿಸಿದರೆ ಅವನು ಅಪಾಯವನ್ನು ತಡೆಯುವುದಿಲ್ಲ, ತನ್ನ ಹೆದರಿಕೆಯನ್ನಷ್ಟೇ ತಡೆದುಕೊಳ್ಳುತ್ತಾನೆ, ಅಂದರೆ ಕಿವಿ ಮುಚ್ಚಿಕೊಳ್ಳುತ್ತಾನೆ ಎಂಬುದು ಅವರ ವಾದ. ಸಂವಹನ ಸಂಶೋಧಕಿ ಕಿಮ್ ವಿಟ್ಟೆ 1992ರಲ್ಲೇ ಈ ವಾದಕ್ಕೊಂದು ಚೌಕಟ್ಟು ಕೊಟ್ಟಿದ್ದರು.

ಈ ಜಗಳದಲ್ಲಿ ಎರಡೂ ಕಡೆಯವರು ಎತ್ತಿ ಆಡಬಹುದಾದದ್ದು ಹೊವಾರ್ಡ್ ಲೆವೆಂಥಾಲ್ 1965ರಲ್ಲಿ ಪ್ರಕಟಿಸಿದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ. ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಿಗೆ ಕೊಟ್ಟರು. ಕೆಲವರದರಲ್ಲಿ ರೋಗಿಗಳ ಭೀಕರ ಚಿತ್ರ, ಕೆಲವರದರಲ್ಲಿ ಸೌಮ್ಯವಾದ ವಿವರ. ಭೀಕರ ಚಿತ್ರ ನೋಡಿದವರು ಹೆಚ್ಚು ಹೆದರಿದರು, ಚುಚ್ಚುಮದ್ದು ಹಾಕಿಸಿಕೊಳ್ಳುವ ಮನಸ್ಸಿದೆ ಎಂದು ಹೆಚ್ಚು ಹೇಳಿದರು. ನಿಜವಾಗಿ ಹಾಕಿಸಿಕೊಂಡವರ ಲೆಕ್ಕ ತೆಗೆದಾಗ ಚಿತ್ರದ ತೀವ್ರತೆಯಿಂದ ವ್ಯತ್ಯಾಸವೇ ಆಗಿರಲಿಲ್ಲ. ವ್ಯತ್ಯಾಸ ಮಾಡಿದ್ದು ಕ್ಯಾಂಪಸ್ಸಿನ ನಕ್ಷೆ. ಆರೋಗ್ಯ ಕೇಂದ್ರದ ಸುತ್ತ ಗುರುತು ಹಾಕಿ, ಯಾವ ತರಗತಿಯಿಂದ ಯಾವುದಕ್ಕೆ ಹೋಗುವಾಗ ಅತ್ತ ಹಾಯಬಹುದು ಯೋಚಿಸಿ ಎಂದು ಹೇಳಿದ್ದವರಲ್ಲಿ ಶೇ 28ರಷ್ಟು ಜನ ಹಾಕಿಸಿಕೊಂಡರು, ಉಳಿದವರಲ್ಲಿ ಶೇ 3ರಷ್ಟು. ಅವರೆಲ್ಲ ಕೊನೆಯ ವರ್ಷದವರು, ಆ ಕಟ್ಟಡ ಎಲ್ಲಿದೆ ಎಂಬುದು ಅವರಿಗೆ ಗೊತ್ತೇ ಇತ್ತು. ಭಯವೇ ಇಲ್ಲದೆ ಬರೀ ನಕ್ಷೆ ಸಿಕ್ಕವರು ಕದಲಲಿಲ್ಲ ಎಂಬುದನ್ನೂ ಹೇಳಬೇಕು. ಒಂದಿಷ್ಟು ಭಯ ಬೇಕು, ಅದು ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ. ಕಾಲರ್ ಟ್ಯೂನ್ ಕೊಟ್ಟದ್ದು ಕೆಮ್ಮು. ಕೊಡಬೇಕಿದ್ದ ನಕ್ಷೆ ಎಂದರೆ ನಮ್ಮ ವಾರ್ಡಿನಲ್ಲಿ ಪರೀಕ್ಷೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು. ದೇಶಕ್ಕೆಲ್ಲ ಒಂದೇ ಟ್ಯೂನ್ ಅದನ್ನು ಕೊಡಲಾರದು.

ಹೀಗೆ ಲೆವೆಂಥಾಲ್ ಕಡೆ ನಿಂತ ಮೇಲೂ ಈ ವಿದ್ವಾಂಸರ ಜೊತೆ ನನಗೆ ತಕರಾರು ಉಳಿಯುತ್ತದೆ. ಅವರ ಲೆಕ್ಕದಲ್ಲೆಲ್ಲ ಇರುವುದು ಒಬ್ಬನೇ: ಹೆದರಿದವನು. ಅವನ ಧೋರಣೆ ಬದಲಾಯಿತೇ, ನಡತೆ ಬದಲಾಯಿತೇ ಎಂದು ಅಳೆಯುತ್ತಾರೆ. ಹಲ್ಲು ಹುಳುಕಿನ ಬಗ್ಗೆ, ಸೀಟ್‌ಬೆಲ್ಟ್ ಬಗ್ಗೆ, ತಂಬಾಕಿನ ಬಗ್ಗೆ ಹೆದರಿಸುವಾಗ ಈ ಲೆಕ್ಕ ಸಾಕು. 2016ರಿಂದ ನಮ್ಮ ಸಿಗರೇಟು ಪ್ಯಾಕಿನ ಶೇ 85ರಷ್ಟು ಜಾಗದಲ್ಲಿ ಹುಣ್ಣಾದ ಬಾಯಿಯೋ ಗಂಟಲೋ ಇದೆ. ಅದನ್ನು ನೋಡಿ ಹೆದರಿದವನು ಸಿಗರೇಟಿಗೆ ಹೆದರುತ್ತಾನೆ, ಸಿಗರೇಟಿಗೆ ಅದರಿಂದ ನೋವಿಲ್ಲ. ಸಾಂಕ್ರಾಮಿಕ ರೋಗದಲ್ಲಿ ಅಪಾಯ ಬರುವುದು ಮನುಷ್ಯರ ಮೈಯಲ್ಲಿ. ಇಲ್ಲಿ ಹುಟ್ಟಿಸಿದ ಪ್ರತಿ ಭಯಕ್ಕೂ ಒಂದು ಮನೆ ನಂಬರ್ ಇದೆ. ಆ ಮನೆಯವರಿಗೆ ಏನಾಯಿತು, ಅವರು ಪರೀಕ್ಷೆಗೆ ಬಂದರೋ ಅಡಗಿಕೊಂಡರೋ ಎಂಬುದನ್ನು ಅಳೆಯದೆ ಭಯ ಕೆಲಸ ಮಾಡಿತು ಎಂದು ತೀರ್ಪು ಕೊಡುವುದು ಅರ್ಧ ಲೆಕ್ಕ.

1987ರ ಆಸ್ಟ್ರೇಲಿಯಾದಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆದಿತ್ತು. ಏಡ್ಸ್ ಬಗ್ಗೆ ಅಲ್ಲಿನ ಟಿ.ವಿ.ಯಲ್ಲಿ ಬಂದ ಜಾಹೀರಾತಿನಲ್ಲಿ, ಕಪ್ಪು ನಿಲುವಂಗಿ ತೊಟ್ಟ ಮೃತ್ಯು ಬೌಲಿಂಗ್ ಅಂಕಣದಲ್ಲಿ ನಿಂತು ಚೆಂಡುರುಳಿಸುತ್ತದೆ; ಸಾಲಾಗಿ ನಿಂತ ಪಿನ್ನುಗಳು ಗಂಡಸರು, ಹೆಂಗಸರು, ಅಳುವ ಪುಟ್ಟ ಹುಡುಗಿ, ಕೂಸನ್ನೆತ್ತಿದ ತಾಯಿ. ಎಲ್ಲರೂ ಉರುಳುತ್ತಾರೆ. ಮೂರೇ ವಾರ ಪ್ರಸಾರವಾದ ಅದನ್ನು ಇವತ್ತಿಗೂ ಜಗತ್ತಿನ ಯಶಸ್ವಿ ಆರೋಗ್ಯ ಪ್ರಚಾರಗಳ ಸಾಲಿನಲ್ಲಿ ಹೇಳುತ್ತಾರೆ. ನಿರೂಪಣೆಯಲ್ಲಿ ಬರುವ ಮಾತಿನ ಸಾರಾಂಶ ಇಷ್ಟು: ಮೊದಲು ಸಲಿಂಗಿ ಗಂಡಸರು, ಚುಚ್ಚಿಕೊಂಡು ಮಾದಕ ದ್ರವ್ಯ ತೆಗೆದುಕೊಳ್ಳುವವರು ಮಾತ್ರ ಸಾಯುತ್ತಿದ್ದರು, ಈಗ ನಮ್ಮೆಲ್ಲರ ಸರದಿ. ಹಾಗಾದರೆ ಮೃತ್ಯು ಎಲ್ಲಿಂದ ಬಂತು ಎಂದು ನೋಡುಗ ಕೇಳಿಕೊಂಡರೆ ಉತ್ತರ ಆ ವಾಕ್ಯದಲ್ಲೇ ಇದೆ. ಆ ದೇಶದ ಮೊದಲ ಏಡ್ಸ್ ಪ್ರಕರಣವನ್ನು ಪತ್ತೆ ಮಾಡಿದ ತಂಡದ ರಾನ್ ಪೆನ್ನಿ ಅವರೇ ಮುಂದೆ ಇದನ್ನು ಒಪ್ಪಿಕೊಂಡರು: ಜನ ಸಲಿಂಗಿ ಗಂಡಸರನ್ನೇ ಆ ಮೃತ್ಯುವೆಂದು ಕಂಡರು, ಉದ್ದೇಶವಿಲ್ಲದೆಯೇ ಹಾಗಾಯಿತು. ಸೋಂಕನ್ನು ತಗ್ಗಿಸಿದ ಕೆಲಸ, ಅಂದರೆ ಆ ಸಮುದಾಯಗಳೇ ಕಟ್ಟಿಕೊಂಡ ಸಂಘಗಳು, ಸಿಡ್ನಿಯಲ್ಲಿ 1986ರಲ್ಲೇ ಕಾನೂನು ಮೀರಿ ಶುರುವಾದ ಶುದ್ಧ ಸೂಜಿ ವಿತರಣೆ, ಇವುಗಳ ಪುಣ್ಯವನ್ನೆಲ್ಲ ಒಂದು ನಿಮಿಷದ ಚಿತ್ರ ತನ್ನ ಖಾತೆಗೆ ಬರೆದುಕೊಂಡಿದೆ. ಅಂಥ ಕೆಲಸ ನಮ್ಮಲ್ಲೂ ನಡೆದಿದೆ: ಮೈಸೂರಿನ ಆಶೋದಯ ಸಮಿತಿ ಲೈಂಗಿಕ ಕಾರ್ಯಕರ್ತರದೇ ಸಂಘಟನೆ. ಜನ ಯಾರಿಗೆ ಹೆದರುತ್ತಿದ್ದರೋ ಅವರೇ ಅಲ್ಲಿ ಎಚ್‌ಐವಿ ತಡೆಯುವ ಮಾತನ್ನೂ ಆಡಿದರು, ಕ್ಲಿನಿಕ್ಕಿಗೆ ಕರೆದುಕೊಂಡೂ ಹೋದರು. ಪ್ರಶಸ್ತಿ ಗೆಲ್ಲುವ ಜಾಹೀರಾತು ಅದರಿಂದ ಹುಟ್ಟಲಿಲ್ಲ, ಹಾಗಾಗಿ ಚರ್ಚೆಯಲ್ಲಿ ಅದಕ್ಕೆ ಜಾಗವೂ ಕಡಿಮೆ.

ಕೆಮ್ಮಿನ ಪಾಠ ಕರ್ನಾಟಕದಲ್ಲಿ ಗೋಡೆ, ಬಾಗಿಲುಗಳ ಮೇಲೂ ಬಂತು. ಹೊರದೇಶದಿಂದ ಬಂದವರ ಕೈಗೆ ಮುದ್ರೆ. ಮನೆಯಲ್ಲಿ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಹೊರಬಿಟ್ಟಿತು. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂಬ ಆದೇಶ ಬಂತು. ಬಾಗಿಲಿಗೆ ಭಿತ್ತಿಪತ್ರ. ಇವೆಲ್ಲ ಆಡಳಿತದ ಕ್ರಮಗಳು, ಸಂದೇಶಗಳಲ್ಲ ಎನ್ನುವವರಿದ್ದಾರೆ. ಬೀದಿಯಲ್ಲಿ ಹೋಗುವವರೆಲ್ಲ ಓದುವಂತೆ ಬಾಗಿಲಿಗೆ ಅಂಟಿಸಿದ್ದು ಸಂದೇಶವಲ್ಲದೆ ಮತ್ತೇನು? 2020ರ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಅಪಾರ್ಟ್‌ಮೆಂಟೊಂದರಲ್ಲಿ, ಒಬ್ಬರಿಗೆ ಸೋಂಕು ಬಂದ ಕಾರಣಕ್ಕೆ ಪಾಲಿಕೆಯ ಸಿಬ್ಬಂದಿ ಎರಡು ಫ್ಲಾಟುಗಳ ಬಾಗಿಲಿಗೆ ತಗಡು ಬಡಿದರು. ಒಳಗೆ ಇಬ್ಬರು ಪುಟ್ಟ ಮಕ್ಕಳ ತಾಯಿ, ಇನ್ನೊಂದು ಫ್ಲಾಟಿನಲ್ಲಿ ವಯಸ್ಸಾದ ದಂಪತಿ. ಚೌಕಟ್ಟಿನ ಉದ್ದಗಲಕ್ಕೂ ತಗಡು ನಿಂತಿತ್ತು. ಬೆಂಕಿ ಬಿದ್ದರೆ ಹೊರಬರಲು ದಾರಿಯಿಲ್ಲ. ಆಯುಕ್ತರು ತಗಡು ತೆಗೆಸಿ ಕ್ಷಮೆ ಕೇಳಿದರು. ಬಡಿದ ನೌಕರರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸಿಲ್ಲ. ಅವರ ಫೋನಿನಲ್ಲೂ ಅದೇ ಕೆಮ್ಮು ಕೇಳಿಸಿತ್ತು. ಭಿತ್ತಿಪತ್ರದ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದನ್ನು ಅಂಟಿಸಿಕೊಂಡ ಮನೆಯವರನ್ನು ಅಸ್ಪೃಶ್ಯರಂತೆ ಕಾಣುತ್ತಿದ್ದಾರೆ ಎಂದು ನ್ಯಾಯಪೀಠ ಆತಂಕಪಟ್ಟಿತು, ಸಕ್ಷಮ ಪ್ರಾಧಿಕಾರದ ನಿರ್ದೇಶನವಿಲ್ಲದೆ ಅದನ್ನು ಅಂಟಿಸುವಂತಿಲ್ಲ ಎಂದು ಆ ವರ್ಷದ ಡಿಸೆಂಬರಿನಲ್ಲಿ ಹೇಳಿತು. ಅಷ್ಟರಲ್ಲಿ ಎಷ್ಟು ಮನೆಯವರು ಜ್ವರದ ಮಾತ್ರೆ ನುಂಗಿ ಬಾಯಿ ಮುಚ್ಚಿಕೊಂಡು ಕೂತರೋ, ಅದನ್ನು ಯಾವ ಪ್ರಬಂಧವೂ ಎಣಿಸಲಾರದು.

ಟ್ಯೂನ್ ಬರೆದವರಿಗೂ ಏನೋ ತಟ್ಟಿರಬೇಕು. ಎರಡನೆಯ ಆವೃತ್ತಿಯಲ್ಲಿ ಹೋರಾಟ ರೋಗದೊಂದಿಗೆ, ರೋಗಿಯೊಂದಿಗಲ್ಲ, ಭೇದ ಮಾಡಬೇಡಿ, ಆರೈಕೆ ಮಾಡಿ ಎಂಬ ಮಾತು ಸೇರಿತು. ಒಳ್ಳೆಯ ಮಾತು, ತಡವಾಗಿ ಬಂತು. ಹೆದರಿಕೆಯನ್ನು ಕಿವಿಗೆ ಸದ್ದಿನಲ್ಲಿ ಕೊಟ್ಟು, ಕರುಣೆಯನ್ನು ಉಪದೇಶದಲ್ಲಿ ಕೊಟ್ಟರೆ ಯಾವುದು ನಿಲ್ಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅದೇ ಮಾತನ್ನು ಕೋವಿಡ್‌ನಿಂದ ಗುಣವಾದ ಒಬ್ಬರು ತಮ್ಮ ದನಿಯಲ್ಲಿ, ತಮ್ಮ ಬೀದಿಯವರು ಹೇಗೆ ಊಟ ತಂದು ಬಾಗಿಲಲ್ಲಿಟ್ಟರು ಎಂದು ಹೇಳಿದ್ದರೆ ಬೇರೆಯಾಗುತ್ತಿತ್ತು.

ಹಾಗೆ ಹೇಳಲು ಮಾದರಿ ನಮ್ಮಲ್ಲೇ ಇತ್ತು. ಟ್ಯೂನ್‌ಗೆ ಆಮೇಲೆ ದನಿ ಕೊಟ್ಟ ಅಮಿತಾಭ್ ಬಚ್ಚನ್ ಅದಕ್ಕೂ ಮೊದಲು ಕ್ಷಯರೋಗದ ಪ್ರಚಾರದಲ್ಲಿದ್ದವರು. ತಮಗೂ ಕ್ಷಯ ಬಂದಿತ್ತು, ಔಷಧ ತೆಗೆದುಕೊಂಡು ವಾಸಿಯಾದೆ ಎಂದು ಬಹಿರಂಗವಾಗಿ ಹೇಳಿಕೊಂಡವರು. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಎಂಬುದು ಕ್ಷಯದ ಪ್ರಚಾರದ ಮಾತು. ಅಲ್ಲೂ ಕೆಮ್ಮಿದೆ, ಭಯವೂ ಇದೆ. ಆದರೆ ಆ ಕೆಮ್ಮು ಕೇಳುಗನದೇ. ಎಷ್ಟು ದಿನದ್ದು ಎಂದು ಲೆಕ್ಕವಿದೆ, ಎಲ್ಲಿಗೆ ಹೋಗಬೇಕೆಂದು ಗೊತ್ತಿದೆ. 2020ರಲ್ಲಿ ಭಾರತದಲ್ಲಿ ಹೊಸದಾಗಿ ನೋಂದಣಿಯಾದ ಕ್ಷಯರೋಗಿಗಳ ಸಂಖ್ಯೆ ಹಿಂದಿನ ವರ್ಷದ ಸುಮಾರು 24 ಲಕ್ಷದಿಂದ 18 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾದದ್ದಲ್ಲ, ರೋಗಿಗಳು ಸಿಗಲಿಲ್ಲ. ಲಾಕ್‌ಡೌನ್, ಬಸ್ಸಿಲ್ಲದ್ದು, ಪ್ರಯೋಗಾಲಯಗಳು ಕೋವಿಡ್ ಪರೀಕ್ಷೆಗೆ ತಿರುಗಿದ್ದು ದೊಡ್ಡ ಕಾರಣಗಳು. ಕೆಮ್ಮಿದರೆ ಬಾಗಿಲಿಗೆ ಚೀಟಿ ಬೀಳುತ್ತದೆ ಎಂದು ಗೊತ್ತಿದ್ದವರು ಎರಡು ವಾರದ ಕೆಮ್ಮನ್ನು ಯಾರಿಗೂ ಹೇಳಲಿಲ್ಲ ಎಂಬುದನ್ನೂ ಆ ಕಾರಣಗಳ ಪಟ್ಟಿಗೆ ಸೇರಿಸಲೇಬೇಕೆಂದು ನಾನು ವಾದಿಸುತ್ತೇನೆ. ಕೋವಿಡ್ ಪ್ರಚಾರ ಗೆದ್ದಿತೆಂದು ವರದಿ ಬರೆಯುವವರು ಆ ಆರು ಲಕ್ಷದ ಅಂತರವನ್ನೂ ಅದೇ ವರದಿಯಲ್ಲಿ ಬರೆಯಲಿ.